ಫಳಫಳ ಹೊಳೆಯುವ ಮನೆಯಲ್ಲೂ ಕೆಮ್ಮು ಯಾಕೆ ಬಿಡುವುದಿಲ್ಲ?

ನಾಲ್ಕೈದು ದಿನ ಎಲ್ಲಿಗೋ ಹೋಗಿ ವಾಪಸ್ ಬಂದು ಬೀಗ ತೆಗೆದ ಕೂಡಲೇ ಮನೆಯೊಳಗಿಂದ ಒಂದು ವಾಸನೆ ಬರುತ್ತದೆ, ಗಮನಿಸಿದ್ದೀರಾ? ಸ್ವಲ್ಪ ಮುಗ್ಗಲು, ಸ್ವಲ್ಪ ಹಳೆ ಬಟ್ಟೆ, ಸ್ವಲ್ಪ ಬಚ್ಚಲು, ಎಲ್ಲ ಸೇರಿದ ಹಾಗೆ. ಬ್ಯಾಗು ಇಳಿಸಿ, ಕೈಕಾಲು ತೊಳೆದು ಕೂರುವಷ್ಟರಲ್ಲಿ ಅದು ಮಾಯ. ವಾಸನೆ ಎಲ್ಲೂ ಹೋಗಿಲ್ಲ, ನಮ್ಮ ಮೂಗಿಗೆ ಅಭ್ಯಾಸವಾಗಿದೆ ಅಷ್ಟೇ. ಹಾಗಾಗಿ ನಮ್ಮ ಮನೆಯ ಗಾಳಿ ಹೇಗಿದೆ ಅಂತ ನಮ್ಮನ್ನೇ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಹೊರಗಿನಿಂದ ಆಗ ತಾನೇ ಬಂದವರಿಗೆ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಮನೆ ಮತ್ತು ಆರೋಗ್ಯ ಅಂದರೆ ಸಾಮಾನ್ಯವಾಗಿ ಎಲ್ಲರಿಗೂ ಮೊದಲು ನೆನಪಾಗುವುದು ಸ್ವಚ್ಛತೆ. ಗುಡಿಸಿ, ಒರೆಸಿ, ಫಿನಾಯಿಲ್ ಹಾಕಿ, ಕೊನೆಗೆ ಒಂದು ಪರಿಮಳದ ಸ್ಪ್ರೇ ಹೊಡೆದರೆ ಮನೆ ಚೆನ್ನಾಗಿದೆ ಅಂತ ನೆಮ್ಮದಿ. ಆದರೆ ಸ್ವಚ್ಛವಾಗಿ ಕಾಣುವ ಮನೆ ಬೇರೆ, ಆರೋಗ್ಯಕ್ಕೆ ಒಳ್ಳೆಯ ಮನೆ ಬೇರೆ. ಈ ಎರಡನ್ನೂ ಒಂದೇ ಅಂದುಕೊಂಡಿದ್ದರಿಂದ ನಾವು ಬೇಡದ ಕಡೆ ಮೈಮುರಿದು ದುಡಿಯುತ್ತೇವೆ, ಬೇಕಾದ ಕಡೆ ನೋಡುವುದೇ ಇಲ್ಲ. ಇನ್ನೂ ಬೇಸರದ ಸಂಗತಿ ಅಂದರೆ, ಗೋಡೆಯಲ್ಲಿ ಬೂಷ್ಟು ಕಂಡರೆ ಆ ಮನೆಯವರೇ ಗಲೀಜು ಅಂತ ಬೈದುಬಿಡುತ್ತೇವೆ. ಮಗುವಿಗೆ ಪದೇಪದೇ ಉಬ್ಬಸ ಬಂದರೆ ಮಗುವೇ ವೀಕು ಅನ್ನುತ್ತೇವೆ. ಗೋಡೆಯ ಮೇಲೆ, ಒಲೆಯ ಮೇಲೆ, ಮುಚ್ಚಿದ ಕಿಟಕಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಒಬ್ಬ ದೊಡ್ಡ ವ್ಯಕ್ತಿ ದಿನಕ್ಕೆ ಸುಮಾರು ಎರಡು ಮೂರು ಲೀಟರ್ ನೀರು ಕುಡಿಯುತ್ತಾನೆ. ಅದನ್ನು ಶೋಧಿಸುತ್ತೇವೆ, ಕುದಿಸುತ್ತೇವೆ, ಫಿಲ್ಟರ್ ಹಾಕುತ್ತೇವೆ. ಅದೇ ವ್ಯಕ್ತಿ ದಿನಕ್ಕೆ 10,000 ಲೀಟರ್ ಆಸುಪಾಸು ಗಾಳಿ ಎಳೆದುಕೊಳ್ಳುತ್ತಾನೆ. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡ ಸಮೀಕ್ಷೆಯ ಪ್ರಕಾರ ಅಲ್ಲಿನ ಜನ ತಮ್ಮ ಸಮಯದಲ್ಲಿ ಶೇಕಡ 87ರಷ್ಟನ್ನು ಕಟ್ಟಡಗಳ ಒಳಗೇ ಕಳೆಯುತ್ತಿದ್ದರು. ಬೇರೆ ಕಡೆ ಈ ಲೆಕ್ಕ ಹೆಚ್ಚು ಕಡಿಮೆ ಇರಬಹುದು. ಆದರೆ ಎಳೆಗೂಸು, ಬಾಣಂತಿ, ಹಾಸಿಗೆ ಹಿಡಿದವರು, ವಯಸ್ಸಾದವರು, ಮನೆಯಿಂದಲೇ ಕೆಲಸ ಮಾಡುವವರು, ಇವರೆಲ್ಲ ಎಲ್ಲೇ ಇರಲಿ ದಿನವಿಡೀ ಅದೇ ನಾಲ್ಕು ಗೋಡೆಗಳ ಗಾಳಿಯನ್ನೇ ಉಸಿರಾಡುತ್ತಾರೆ. ದೇಹದಲ್ಲಿ ತಡೆಯುವ ಶಕ್ತಿ ಯಾರಿಗೆ ಕಡಿಮೆಯೋ ಅವರೇ ಮನೆಯೊಳಗೆ ಹೆಚ್ಚು ಹೊತ್ತು ಇರುತ್ತಾರೆ.

ಮನೆಯೊಳಗೆ ಉರಿಯುವುದರಿಂದಲೇ ಶುರು ಮಾಡೋಣ, ಯಾಕೆಂದರೆ ಜಾಸ್ತಿ ಜೀವ ಹೋಗುತ್ತಿರುವುದು ಅದರಿಂದ. ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆ ಉರಿಸಿ ಅಡುಗೆ ಮಾಡುವ ಮನೆಗಳ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಐದು ವರ್ಷದೊಳಗಿನ ಮಕ್ಕಳೇ 2.37 ಲಕ್ಷಕ್ಕಿಂತ ಹೆಚ್ಚು. ಹೊಗೆ ಅಂದರೆ ಬರೀ ಕೆಮ್ಮು ಅಂದುಕೊಳ್ಳಬೇಡಿ. ಅದರಲ್ಲಿರುವ ಸಣ್ಣ ಕಣಗಳನ್ನು ಪಿಎಂ 2.5 ಅನ್ನುತ್ತಾರೆ. ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣವು ಇವು. ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ, ಅದರಲ್ಲೂ ತೀರಾ ಸಣ್ಣವು ರಕ್ತಕ್ಕೇ ಸೇರುತ್ತವೆ. ಹಾಗಾಗಿಯೇ ಆ ಸಾವುಗಳಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಪಾಲು ದೊಡ್ಡದು. ಹೊಗೆಯಿಂದ ಹೃದಯಕ್ಕೆ ಏಟು ಬೀಳುತ್ತದೆ ಅನ್ನುವುದು ಎಷ್ಟೋ ಜನರಿಗೆ ಇನ್ನೂ ತಲುಪಿಲ್ಲ.

ಗ್ಯಾಸ್ ಒಲೆ ಇದೆ, ನಮಗೆ ತೊಂದರೆ ಇಲ್ಲ ಅನ್ನುವವರಿಗೂ ಒಂದು ಮಾತು. ಸೌದೆಗಿಂತ ಗ್ಯಾಸ್ ಎಷ್ಟೋ ಪಾಲು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನೀಲಿ ಉರಿಯಿಂದಲೂ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಅದು ಉಬ್ಬಸ ಇರುವ ಮಕ್ಕಳ ಶ್ವಾಸನಾಳವನ್ನು ಕೆರಳಿಸುತ್ತದೆ. ಎಣ್ಣೆ ಕಾದು ಹೊಗೆಯಾಡುವಾಗ ಏಳುವ ಸಣ್ಣ ಕಣಗಳಿಗಂತೂ ಕೆಳಗಿರುವುದು ಗ್ಯಾಸೋ ಕರೆಂಟೋ ಅನ್ನುವುದು ಲೆಕ್ಕಕ್ಕಿಲ್ಲ. ಎಕ್ಸಾಸ್ಟ್ ಫ್ಯಾನ್ ಇರುವುದು ಇದಕ್ಕೇ. ಒಲೆ ಹಚ್ಚುವ ಮೊದಲು ಹಾಕಬೇಕು, ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಓಡಬೇಕು. ಹೊಗೆ ಕಂಡ ಮೇಲೆ ಹಾಕುವುದಲ್ಲ. ಇನ್ನು ಚಿಮಣಿ ಅಂತ ಮಾರುವ ಕೆಲವಕ್ಕೆ ಹೊರಗೆ ಹೋಗುವ ಪೈಪೇ ಇರುವುದಿಲ್ಲ. ಅವು ಎಣ್ಣೆಯ ಜಿಡ್ಡನ್ನು ಹಿಡಿದು ಉಳಿದ ಗಾಳಿಯನ್ನು ಮತ್ತೆ ನಮ್ಮ ಮುಖಕ್ಕೇ ಬಿಡುತ್ತವೆ.

ಸೊಳ್ಳೆ ಬತ್ತಿಯ ವಿಷಯ ಹೇಳದೆ ಮುಂದೆ ಹೋಗಲಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಬೇರೆ ಬತ್ತಿಗಳನ್ನು ಉರಿಸಿ ಅಳೆದರು. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಉರಿದಷ್ಟು ಸಣ್ಣ ಕಣ ಹೊರಬರುತ್ತದೆ ಅಂತ ಸಿಕ್ಕಿತು. ಅದನ್ನು ನಾವು ಕಿಟಕಿ ಬಾಗಿಲು ಹಾಕಿದ ಕೋಣೆಯಲ್ಲಿ, ಮಗುವಿನ ತಲೆದೆಸೆಯಲ್ಲಿ ಇಡುತ್ತೇವೆ. ಸೊಳ್ಳೆ ಕಚ್ಚುವುದೂ ಅಪಾಯವೇ, ನಿಜ. ಆದರೆ ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆ ಪರದೆ ಇದ್ದರೆ ಎರಡೂ ಅಪಾಯ ತಪ್ಪುತ್ತವಲ್ವಾ?

ಉರಿಯುವುದರಿಂದ ಬರುವ ಇನ್ನೊಂದು ಅನಿಲ ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಉಸಿರಾಡುತ್ತಲೇ ಇದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ. ಚಳಿಗೆ ಅಂತ ಕೋಣೆಯೊಳಗೆ ಕೆಂಡ ಇಟ್ಟು ಮಲಗಿದವರು, ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರು, ಮುಚ್ಚಿದ ಜಾಗದಲ್ಲಿ ಜನರೇಟರ್ ಓಡಿಸಿದವರು ಎಷ್ಟೋ ಮಂದಿ ಹೀಗೇ ಸತ್ತಿದ್ದಾರೆ. ಕಡಿಮೆ ಪ್ರಮಾಣದಲ್ಲಿದ್ದರೆ ತಲೆನೋವು, ವಾಕರಿಕೆ, ತಲೆಸುತ್ತು. ಹೊಟ್ಟೆ ಸರಿಯಿಲ್ಲ, ಜ್ವರ ಬರುತ್ತಿದೆ ಅಂದುಕೊಂಡು ಮಲಗಿಬಿಡುತ್ತಾರೆ. ಒಂದು ಸುಳಿವು ನೆನಪಿಡಿ: ಮನೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದು, ಹೊರಗೆ ಹೋದರೆ ಕಮ್ಮಿಯಾಗಿ, ವಾಪಸ್ ಬಂದರೆ ಮತ್ತೆ ಶುರುವಾದರೆ ಒಲೆ, ಗೀಸರ್, ಹೀಟರ್ ಎಲ್ಲ ಆರಿಸಿ ಹೊರಗೆ ಬನ್ನಿ. ಆಮೇಲೆ ಯೋಚನೆ ಮಾಡೋಣ.

ಈಗ ತೇವದ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಸ್ವಚ್ಛತೆ ಮತ್ತು ಆರೋಗ್ಯವನ್ನು ನಾವು ತುಂಬಾ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಬೂಷ್ಟು ಕೊಳೆಯಿಂದ ಬರುವುದಿಲ್ಲ, ನೀರಿನಿಂದ ಬರುತ್ತದೆ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಡೆಯೂ ಇವೆ, ಎಷ್ಟು ಒರೆಸಿದರೂ ಇರುತ್ತವೆ. ಅವಕ್ಕೆ ಬೇಕಾಗಿರುವುದು ಒದ್ದೆ ಮಾತ್ರ. ತಿನ್ನಲು ಸ್ವಲ್ಪ ಧೂಳು, ಬಣ್ಣ, ಕಾಗದ, ಮರ ಯಾವುದಾದರೂ ನಡೆಯುತ್ತದೆ. ಆ ಒದ್ದೆ ಮೂರು ದಾರಿಯಲ್ಲಿ ಬರುತ್ತದೆ. ತಾರಸಿಯೋ ಪೈಪೋ ಸೋರಿ ಬರಬಹುದು. ನೆಲದಿಂದ ಗೋಡೆಗೆ ಏರಬಹುದು. ಮೂರನೆಯದು ನಾವು ಬಿಡುವ ಉಸಿರು, ಅಡುಗೆಯ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಬಟ್ಟೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಹತ್ತು ಲೀಟರ್ ಆಸುಪಾಸು ನೀರು ಹೀಗೆ ಗಾಳಿಗೆ ಸೇರುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಮನೆಯಲ್ಲಿ ಎಲ್ಲಿ ತಣ್ಣಗಿದೆಯೋ ಅಲ್ಲಿ ಹೋಗಿ ಬೆವರಿನ ಹಾಗೆ ಕೂರುತ್ತದೆ. ಬೀರುವಿನ ಹಿಂದೆ, ಮಂಚದ ತಲೆಯ ಕಡೆ, ಸೀಲಿಂಗಿನ ಮೂಲೆಯಲ್ಲಿ. ಬೂಷ್ಟು ಅಲ್ಲೇ ಯಾಕೆ ಅಂತ ಈಗ ಗೊತ್ತಾಯಿತಲ್ಲ. ಸೋರುವ ಕಡೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಪ್ರಯೋಜನ ಇಲ್ಲ, ಹಬೆಯಿಂದ ಬಂದಿದ್ದಕ್ಕೆ ತಾರಸಿಗೆ ವಾಟರ್‌ಪ್ರೂಫ್ ಬಳಿದರೆ ದುಡ್ಡು ದಂಡ. ಮೊದಲು ನೀರು ಎಲ್ಲಿಂದ ಅಂತ ಹುಡುಕಬೇಕು. ಅದಕ್ಕೂ ಮೊದಲೇ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಅದೇ ಕಪ್ಪು ಕಲೆ ಅದೇ ಜಾಗದಲ್ಲಿ.

ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಬ್ಬಸ, ಕೆಮ್ಮು, ಶ್ವಾಸನಾಳದ ಸೋಂಕು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಒಂದು ಇಡೀ ಮಾರ್ಗಸೂಚಿ ಬರೆದಿದೆ. ಆದರೂ ಲೋಕದ ಕಣ್ಣು ತೆರೆಸಲು ಒಂದು ಮಗುವಿನ ಸಾವು ಬೇಕಾಯಿತು. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 2020ರ ಡಿಸೆಂಬರಿನಲ್ಲಿ ಆವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು ತೀರಿಕೊಂಡಿತು. ಬಾಡಿಗೆ ಫ್ಲಾಟಿನ ತುಂಬಾ ಬೂಷ್ಟು ಇತ್ತು. ಅಪ್ಪ 2017ರಿಂದಲೇ ದೂರು ಹೇಳುತ್ತಿದ್ದರು, ಅದರ ಮೇಲೆ ಬಣ್ಣ ಬಳಿಯಿರಿ ಅನ್ನುವ ಉತ್ತರ ಸಿಕ್ಕಿತ್ತು. ಮನೆ ಕೊಟ್ಟವರು ಆ ಕುಟುಂಬದ ಜೀವನಶೈಲಿಯೇ ಕಾರಣ ಅಂದುಕೊಂಡಿದ್ದರು. 2022ರ ನವೆಂಬರಿನಲ್ಲಿ ತನಿಖೆ ಮುಗಿಸಿದ ಅಧಿಕಾರಿ, ಮಗುವಿನ ಸಾವಿಗೆ ಆ ಬೂಷ್ಟೇ ಕಾರಣ, ಗಾಳಿಯಾಡಲು ಸರಿಯಾದ ವ್ಯವಸ್ಥೆಯೂ ಆ ಫ್ಲಾಟಿನಲ್ಲಿ ಇರಲಿಲ್ಲ ಅಂತ ತೀರ್ಮಾನ ಕೊಟ್ಟರು. ನೀವು ಗಲೀಜು, ನಿಮ್ಮ ಅಭ್ಯಾಸ ಸರಿಯಿಲ್ಲ ಅನ್ನುವ ಒಂದು ಮಾತಿಗೆ ಎಷ್ಟು ಬೆಲೆ ತೆರಬೇಕಾಗಬಹುದು ನೋಡಿ. ಇದನ್ನು ಓದಿದಾಗಿನಿಂದ ಯಾರ ಮನೆಯ ಗೋಡೆ ನೋಡಿಯೂ ಅವರ ಬಗ್ಗೆ ಹಾಗೆ ಅಂದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ತೇವ ಹೆಚ್ಚಾದರೆ ಬೂಷ್ಟಿನ ಜೊತೆ ಧೂಳಿನ ನುಸಿಯೂ ಹೆಚ್ಚುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಅದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಹಾಸಿಗೆ, ದಿಂಬು, ಕಾರ್ಪೆಟ್ಟಿನಲ್ಲಿ ಬದುಕುತ್ತದೆ. ಅದು ಕಚ್ಚುವುದಿಲ್ಲ. ಅದರ ಹಿಕ್ಕೆಯೇ ಅಲರ್ಜಿಗೆ ಕಾರಣ. ಬೆಳಿಗ್ಗೆ ಏಳುತ್ತಲೇ ಸಾಲಾಗಿ ಹತ್ತು ಸೀನು ಬರುವವರು ಒಮ್ಮೆ ದಿಂಬಿನ ಕಡೆ ನೋಡಿ. ನುಸಿ ನೀರು ಕುಡಿಯುವುದಿಲ್ಲ, ಗಾಳಿಯಲ್ಲಿರುವ ತೇವವನ್ನೇ ಹೀರಿ ಬದುಕುತ್ತದೆ. ಹಾಗಾಗಿ ಗಾಳಿಯ ತೇವಾಂಶ ಶೇಕಡ 50ಕ್ಕಿಂತ ಕೆಳಗೆ ಇಟ್ಟರೆ ಅದು ಒಣಗಿ ಸಾಯುತ್ತದೆ. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆದರೂ ಸಾಯುತ್ತದೆ. ತಣ್ಣೀರಿನಲ್ಲಿ ಎಷ್ಟು ಸೋಪು ಹಾಕಿದರೂ ಸುಮಾರು ನುಸಿ ಬದುಕಿ ಉಳಿಯುತ್ತವೆ.

ಇನ್ನು ಗಾಳಿಯಾಟ. ಜರ್ಮನಿಯ ಮ್ಯೂನಿಕ್ಕಿನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫೊನ್ ಪೆಟೆನ್‌ಕೋಫರ್ 1858ರಲ್ಲೇ ಒಂದು ಸುಲಭದ ಅಳತೆ ಕೊಟ್ಟಿದ್ದರು. ಕೋಣೆಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 1,000 ಭಾಗ ದಾಟಬಾರದು. ಆ ಮಟ್ಟದಲ್ಲಿ ಅನಿಲವೇ ವಿಷ ಅಂತಲ್ಲ. ಅದು ನಮ್ಮ ಉಸಿರಿನಿಂದ ಬಂದದ್ದು, ಅದು ಏರಿದೆ ಅಂದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆಯುತ್ತಿದ್ದಾರೆ ಅಂತ ಅರ್ಥ. ಹೊರಗಿನ ಗಾಳಿಯಲ್ಲಿ ಈಗ ಅದು ಸುಮಾರು 420 ಭಾಗ ಇದೆ. ಸಣ್ಣ ಕೋಣೆಯಲ್ಲಿ ಇಬ್ಬರು ಬಾಗಿಲು ಕಿಟಕಿ ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ 2,000 ದಾಟುವುದು ಮಾಮೂಲು. ತಲೆ ಭಾರ, ನಿದ್ದೆ ಆದರೂ ಆಗದ ಹಾಗೆ. ಎಸಿ ಇದೆಯಲ್ಲ ಅನ್ನಬೇಡಿ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಕೋವಿಡ್ ಬಂದಾಗ ಇದರ ನಿಜವಾದ ಅರ್ಥ ಎಲ್ಲರಿಗೂ ತಿಳಿಯಬೇಕಿತ್ತು. ಒಬ್ಬರ ಉಸಿರಿನಲ್ಲಿ ವೈರಸ್ ಇದ್ದರೆ ಆ ಗಾಳಿಯೇ ಸೋಂಕಿನ ದಾರಿ. ನಾವು ಮಾತ್ರ ತಿಂಗಳುಗಟ್ಟಲೆ ಬಾಗಿಲ ಹಿಡಿಕೆ ಒರೆಸುತ್ತಾ ಕೂತೆವು.

ಗಾಳಿ ಬಚ್ಚಲಿನ ಕಡೆಯಿಂದಲೂ ಬರಬಹುದು. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಅನ್ನುವ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಕೋವಿಡ್ ಜಾತಿಯದೇ ವೈರಸ್ಸಿನಿಂದ ಬರುವ ಸಾರ್ಸ್ ಅನ್ನುವ ಉಸಿರಾಟದ ಕಾಯಿಲೆ ತಗುಲಿತು. ತನಿಖೆಯಲ್ಲಿ ಬೆರಳು ಹೋಗಿದ್ದು ಬಚ್ಚಲ ನೆಲದ ತೂಬಿನ ಕಡೆ. ತೂಬಿನ ಕೆಳಗೆ ಬಾಗಿದ ಪೈಪಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು, ಚರಂಡಿ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರೇ. ಅಲ್ಲಿ ಎಷ್ಟೋ ಮನೆಗಳಲ್ಲಿ ಅದು ಒಣಗಿತ್ತು, ಬಚ್ಚಲ ಫ್ಯಾನು ಪೈಪಿನ ಗಾಳಿಯನ್ನು ಒಳಗೆ ಎಳೆಯುತ್ತಿತ್ತು. ಬಳಸದ ಬಚ್ಚಲು ನಿಮ್ಮಲ್ಲೂ ಇದ್ದರೆ ವಾರಕ್ಕೊಮ್ಮೆ ತೂಬಿಗೆ ಒಂದು ಚೊಂಬು ನೀರು ಹಾಕಿ.

ನೆಲದ ಕೆಳಗಿನಿಂದಲೂ ಒಂದು ಅನಿಲ ಬರುತ್ತದೆ, ಅದು ರೇಡಾನ್. ಕಲ್ಲು ಮಣ್ಣಿನಲ್ಲಿರುವ ಯುರೇನಿಯಂ ತಾನಾಗಿಯೇ ಒಡೆದು ಬೇರೆ ಧಾತುವಾಗುತ್ತಾ ಹೋದಾಗ ಹುಟ್ಟುವ ವಿಕಿರಣದ ಅನಿಲ ಇದು. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಅನ್ನುವ ಇಂಜಿನಿಯರ್ ಕೆಲಸಕ್ಕಿದ್ದ ಅಣು ವಿದ್ಯುತ್ ಸ್ಥಾವರದಲ್ಲಿ ವಿಕಿರಣದ ಅಲಾರಂ ಹೊಡೆದುಕೊಳ್ಳತೊಡಗಿತು. ವಿಚಿತ್ರ ಅಂದರೆ ಆ ಸ್ಥಾವರದಲ್ಲಿ ಇನ್ನೂ ಇಂಧನವೇ ಬಂದಿರಲಿಲ್ಲ. ಅವರು ವಿಕಿರಣವನ್ನು ಮನೆಯಿಂದಲೇ ಮೈಮೇಲೆ ಹೊತ್ತು ತರುತ್ತಿದ್ದರು. ಸಿಗರೇಟಿನ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ದೊಡ್ಡ ಕಾರಣಗಳಲ್ಲಿ ರೇಡಾನ್ ಒಂದು ಅಂತ ಈಗ ಒಪ್ಪಲಾಗಿದೆ. ಇದು ಎಲ್ಲ ಕಡೆಯೂ ಒಂದೇ ಸಮ ಇರುವುದಿಲ್ಲ, ನೆಲದಡಿಯ ಕಲ್ಲು ಎಂಥದ್ದು ಅನ್ನುವುದರ ಮೇಲೆ ನಿಂತಿದೆ. ನೆಲಮಾಳಿಗೆ, ನೆಲ ಅಂತಸ್ತಿನಲ್ಲಿ ಜಾಸ್ತಿ. ಅಳೆದೇ ತಿಳಿಯಬೇಕು. ನೆಲದ ಬಿರುಕು ಮುಚ್ಚಿ ಕೆಳಗಿನ ಗಾಳಿಯನ್ನು ಪೈಪಿನಲ್ಲಿ ಹೊರಗೆ ಎಳೆದರೆ ಬಹಳಷ್ಟು ಇಳಿಯುತ್ತದೆ.

ಹೊಸ ಪ್ಲೈವುಡ್, ಒತ್ತಿದ ಮರದ ಹಲಗೆಯ ಕಪಾಟು ಬಂದಾಗ ಕಣ್ಣು ಉರಿಯುವುದು ಅದರ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡಿನಿಂದ. ಹೊಸ ಸಾಮಾನಿನ ವಾಸನೆ ಅಂತ ಖುಷಿ ಪಡುವಂಥದ್ದಲ್ಲ, 2004ರಲ್ಲಿ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಮೊದಲ ತಿಂಗಳುಗಳಲ್ಲೇ ಹೆಚ್ಚು ಹೊರಬರುವುದು, ಆಗ ಕಿಟಕಿ ತೆರೆದಿಡಿ, ಮಗುವಿನ ಕೋಣೆಗೆ ಅಂತ ಹೆರಿಗೆಯ ಹಿಂದಿನ ವಾರ ಹೊಸ ಕಪಾಟು ಮಾಡಿಸಬೇಡಿ. ಹಳೆ ಮನೆಯ ಬಣ್ಣದಲ್ಲಿ ಸೀಸ ಇದ್ದರೆ ಅದನ್ನು ಒಣಗಿದ್ದಾಗಲೇ ಉಜ್ಜಿ ಕೆರೆಯಬೇಡಿ, ಆ ಧೂಳು ಅಂಬೆಗಾಲಿಡುವ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿಗೆ ಸೀಸ ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ.

ಮತ್ತೆ ಸ್ವಚ್ಛತೆಗೆ ಬರುತ್ತೇನೆ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸಂಶೋಧಕರು ಯುರೋಪಿನ 6,000ಕ್ಕೂ ಹೆಚ್ಚು ಜನರನ್ನು ಸುಮಾರು 20 ವರ್ಷ ಗಮನಿಸಿ 2018ರಲ್ಲಿ ಫಲಿತಾಂಶ ಕೊಟ್ಟರು. ಮನೆಯಲ್ಲಾಗಲಿ ಕೆಲಸವಾಗಿಯಾಗಲಿ ಸ್ವಚ್ಛ ಮಾಡುವ ಹೆಂಗಸರ ಶ್ವಾಸಕೋಶದ ಶಕ್ತಿ ಉಳಿದವರಿಗಿಂತ ಬೇಗ ಇಳಿದಿತ್ತು. ಮನೆ ಹೊಳೆಯಲಿ ಅಂತ ಸ್ಪ್ರೇ ಹೊಡೆಯುವ ಕೈಯವರ ಎದೆಗೇ ಅದು ಇಳಿಯುತ್ತಿದೆ. ನಿಂಬೆ, ಪೈನ್ ಪರಿಮಳದ ದ್ರವಗಳು ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತವೆ. ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಿದರೆ ಕ್ಲೋರಿನ್ ಬರುತ್ತದೆ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲ. ಸೋಪು ನೀರು, ಒದ್ದೆ ಬಟ್ಟೆ, ತೆರೆದ ಕಿಟಕಿ ಮನೆಯ ಬಹುಪಾಲು ಕೆಲಸಕ್ಕೆ ಸಾಕು. ಒಳ್ಳೆ ಗಾಳಿಗೆ ವಾಸನೆಯೇ ಇರುವುದಿಲ್ಲ, ಸುವಾಸನೆಯೂ ಇರುವುದಿಲ್ಲ.

ಹಾಗಾದರೆ ಗಿಡ ಇಟ್ಟರೆ? ನಾಸಾ 1989ರಲ್ಲಿ ಸಣ್ಣ ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿದ ಪ್ರಯೋಗದಿಂದ ಈ ಮಾತು ಹಬ್ಬಿತು. 2019ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದಾಗ, ಕಿಟಕಿಯಿಂದ ಆಗುವಷ್ಟು ಕೆಲಸ ಆಗಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕು ಅಂತ ಸಿಕ್ಕಿತು. ಗಿಡ ಇಡಿ, ಮನಸ್ಸಿಗೆ ಹಿತ. ಗಾಳಿಯ ಕೆಲಸ ಅದಕ್ಕೆ ವಹಿಸಬೇಡಿ. ಹೆಪಾ ಫಿಲ್ಟರ್ ಇರುವ ಪ್ಯೂರಿಫೈಯರ್ ಧೂಳು, ಹೊಗೆಯ ಕಣ ಹಿಡಿಯುತ್ತದೆ, ಅದು ನಿಜ. ಆದರೆ ಕಾರ್ಬನ್ ಮೊನಾಕ್ಸೈಡನ್ನೂ ತೇವವನ್ನೂ ಅದು ಮುಟ್ಟುವುದಿಲ್ಲ. ಓಝೋನ್ ಬಿಡುವ ಯಂತ್ರಗಳನ್ನಂತೂ ಮನೆಗೆ ತರಲೇಬೇಡಿ, ಓಝೋನ್ ಶ್ವಾಸಕೋಶವನ್ನು ಸುಡುತ್ತದೆ.

ಮುಖ್ಯ ರಸ್ತೆಯ ಪಕ್ಕ ಇರುವವರಿಗೆ ಕಿಟಕಿ ತೆಗೆಯಿರಿ ಅನ್ನುವುದೇ ಕಷ್ಟದ ಮಾತು. ಹೊಗೆ, ಸದ್ದು ಎರಡೂ ಒಳಗೆ ಬರುತ್ತವೆ. ರಾತ್ರಿಯ ಸದ್ದಿಗೆ ನಿದ್ದೆ ಒಡೆದು ಒಡೆದು ರಕ್ತದೊತ್ತಡ ಏರುತ್ತದೆ. ವಾಹನ ಕಡಿಮೆ ಇರುವ ಹೊತ್ತು, ರಸ್ತೆಯ ಹಿಂಬದಿಯ ಕಿಟಕಿ ಹುಡುಕಿಕೊಳ್ಳಬೇಕು, ಪ್ಯೂರಿಫೈಯರ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥವರಿಗೆ. ಹಾಗೆಯೇ ಬಿಸಿಲು. 2003ರ ಬೇಸಿಗೆಯಲ್ಲಿ ಫ್ರಾನ್ಸಿನಲ್ಲಿ ಸೆಕೆಗೆ ಸುಮಾರು 15,000 ಜನ ಸತ್ತರು. ಹೆಚ್ಚಿನವರು ವಯಸ್ಸಾದವರು, ಸೂರಿನ ಕೆಳಗೇ ಮಲಗುವ ಕೋಣೆ ಇದ್ದವರಿಗೆ ಅಪಾಯ ಜಾಸ್ತಿ ಇತ್ತು. ಛಾವಣಿ ಅನ್ನುವುದೂ ಆರೋಗ್ಯದ ವಿಷಯವೇ.

ಇಷ್ಟೆಲ್ಲ ಓದಿ ಒಬ್ಬ ಬಾಡಿಗೆದಾರ ಏನು ಮಾಡಬೇಕು? ಗೋಡೆ ಅವನದಲ್ಲ, ಪೈಪು ಅವನದಲ್ಲ, ಕಿಟಕಿ ಒಡೆದು ದೊಡ್ಡದು ಮಾಡುವ ಹಾಗಿಲ್ಲ. ರಿಪೇರಿಯ ಖರ್ಚು ಒಬ್ಬರ ಜೇಬಿನದು, ಕಾಯಿಲೆ ಇನ್ನೊಬ್ಬರ ಮೈಯದು. ಈ ಗಂಟನ್ನು ಸಲಹೆಯಿಂದ ಬಿಡಿಸಲು ಆಗುವುದಿಲ್ಲ, ಕಾನೂನೇ ಬೇಕು. ನ್ಯೂಜಿಲೆಂಡಿನಲ್ಲಿ ಹಳೆಯ ತಣ್ಣನೆ ಮನೆಗಳಿಗೆ ಶಾಖ ತಡೆಯುವ ಪದರ ಹಾಕಿಸಿ, 1,350 ಮನೆಗಳಲ್ಲಿ ಪರೀಕ್ಷಿಸಿ ನೋಡಿದರು. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ರಜೆ ಹಾಕುವುದು ಕಡಿಮೆಯಾಯಿತು. ಆ ಫಲಿತಾಂಶ 2007ರಲ್ಲಿ ಬಂತು. 2019ರಲ್ಲಿ ಅಲ್ಲಿನ ಬಾಡಿಗೆ ಮನೆಗಳಿಗೆ ಶಾಖ, ಗಾಳಿಯಾಟ, ತೇವದ ಬಗ್ಗೆ ಕಡ್ಡಾಯ ನಿಯಮ ಬಂತು. ಇಂಗ್ಲೆಂಡಿನಲ್ಲಿ ಆವಾಬ್ ಹೆಸರಿನ ಕಾನೂನು 2025ರ ಅಕ್ಟೋಬರಿನಿಂದ ಸಾಮಾಜಿಕ ವಸತಿ ಮನೆಗಳಿಗೆ, ಅಂದರೆ ಸ್ಥಳೀಯ ಆಡಳಿತ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಯಾಗಿದೆ. ಬೂಷ್ಟಿನ ದೂರು ಬಂದರೆ ಇಂತಿಷ್ಟು ದಿನದೊಳಗೆ ಬಂದು ನೋಡಿ ಸರಿ ಮಾಡಲೇಬೇಕು. ಬಾಡಿಗೆದಾರರನ್ನು ವರ್ಷಗಟ್ಟಲೆ ಕಾಯಿಸುವ ಹಾಗಿಲ್ಲ.

ಅಂಥ ಕಾನೂನು ಇಲ್ಲದ ಕಡೆಯೂ ಒಂದು ಕೆಲಸ ಮಾಡಬಹುದು. ಕೆಮ್ಮು, ಸೀನು, ಉಬ್ಬಸ, ತಲೆನೋವು ಯಾವ ಕೋಣೆಯಲ್ಲಿ, ಯಾವ ಹೊತ್ತಿನಲ್ಲಿ ಜಾಸ್ತಿ, ಬೇರೆ ಕಡೆ ನಾಲ್ಕು ದಿನ ಇದ್ದು ಬಂದರೆ ಕಮ್ಮಿಯಾಗುತ್ತದಾ ಅಂತ ಎರಡು ವಾರ ಬರೆದಿಡಿ. ಗೋಡೆಯ ಫೋಟೋ ದಿನಾಂಕದ ಜೊತೆ ತೆಗೆದಿಡಿ. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರು ಕೇಳದಿದ್ದರೂ ಆ ಫೋಟೋ ತೋರಿಸಿ, ಮಗು ಮಲಗುವುದು ಈ ಗೋಡೆಯ ಪಕ್ಕ ಅಂತ ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆ ಮಾಲೀಕರ ಮುಂದೆ ನಿಮ್ಮ ಮಾತಿಗಿಂತ ಆ ಒಂದು ಸಾಲಿಗೆ ತೂಕ ಜಾಸ್ತಿ. ಅಲ್ಲಿಯವರೆಗೆ ಮಗುವಿನ ಹಾಸಿಗೆಯನ್ನು ಆ ಗೋಡೆಯಿಂದ ದೂರ, ಕಿಟಕಿ ಇರುವ ಕಡೆಗೆ ಎಳೆಯಿರಿ.